ಗಟಾರದ ಮೇಲಿನ ಆರು ಪಾವಟಿಗೆಗಳು

ಸೇಡಂನಲ್ಲಿ ನಮ್ಮ ಓಣಿಗೆ ಏಳು ಮನೆಗಳು, ಎಲ್ಲವೂ ಒಂದೇ ಬದಿಗೆ. ಎದುರಿಗೆ ಹಳೆಯ ವಾಡೆಯೊಂದರ ಹಿಂಗೋಡೆ. ಕಿಟಕಿಯಿಲ್ಲದ ಉದ್ದನೆಯ ಕಲ್ಲುಗೋಡೆ. ಓಣಿ ಇಳಿಜಾರಾಗಿ ಹೋಗಿ ಹಳ್ಳದ ದಂಡೆಗೆ ಮುಗಿಯುತ್ತಿತ್ತು. ಮೇಲಿನ ತುದಿಗೆ ವಕೀಲರ ಮನೆ, ಕೆಳಗಿನ ತುದಿಗೆ ಮಾವಶಿಯ ಮನೆ, ನಮ್ಮದು ಮೇಲಿನಿಂದ ಐದನೆಯದು. ಏಳೂ ಮನೆಗಳ ಮುಂದೆ ಹಾದು ಹಳ್ಳಕ್ಕೆ ಬೀಳುವ ಒಂದು ಗಟಾರವಿತ್ತು. ಒಂದು ಗೇಣು ಅಗಲ, ಒಂದೂವರೆ ಗೇಣು ಆಳ, ಎರಡೂ ಬದಿಗೆ ಶಹಾಬಾದಿನ ಫರಸಿ ಕಲ್ಲು ನಿಲ್ಲಿಸಿ ಕಟ್ಟಿದ್ದು. ಅದನ್ನು ಕಟ್ಟಿಸಿದವರು ಯಾರೆಂದು ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅದು ಮುಚ್ಚಿಹೋದ ಮೇಲೆಯೇ ನಮಗೆ ಅದರ ನೆನಪಾದದ್ದು.

ಮಾವಶಿ ನಮಗೆ ರಕ್ತಸಂಬಂಧಿಯಲ್ಲ. ಬಾಲವಿಧವೆ; ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮನೆ ಅವರ ಗಂಡನ ಅಣ್ಣನದು. ಆ ಭಾವ ಇದ್ದದ್ದು ಚಿಂಚೋಳಿಯಲ್ಲಿ. ಮಾವಶಿ ಒಬ್ಬರೇ ಸೇಡಂನಲ್ಲಿದ್ದು, ಮುಂಜಾನೆ ತಮ್ಮ ಅಡಿಗೆ ಪೂಜೆ ಮುಗಿಸಿ, ಬಾಗಿಲು ತೆರೆದಿಟ್ಟು ಓಣಿಯ ಹುಡುಗಿಯರನ್ನು ಕರೆಯುತ್ತಿದ್ದರು. ಆಗ ಹೈದರಾಬಾದ್ ಸಂಸ್ಥಾನ; ಶಾಲೆಯಲ್ಲಿ ನಮಗೆ ಎಲ್ಲವೂ ಉರ್ದುವಿನಲ್ಲಿ. ಕನ್ನಡ ಕಲಿತದ್ದು ಮಾವಶಿಯ ಪಡಸಾಲೆಯ ನೆಲದ ಮೇಲೆ. ಆ ನೆಲಕ್ಕೂ ಶಹಾಬಾದಿನ ಫರಸಿಯೇ, ಕಾಲು ಸವೆಸಿ ಸವೆಸಿ ನುಣುಪಾಗಿ ಕರಿಬೂದಿ ಬಣ್ಣಕ್ಕೆ ಬಂದಿತ್ತು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಫರಸಿ. "ನಿನ್ನ ಫರಸಿ ದಾಟಿ ಬರೀಬ್ಯಾಡ, ಬಾಜೂದಾಕಿ 'ಳ' ನಿನ್ನ 'ಅ' ತಿಂತದ" ಎನ್ನುತ್ತಿದ್ದರು. ಬಳಪದಿಂದ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸ ಪಾಟಿ. ನನ್ನದು ಕಂಬದ ಪಕ್ಕದ ಫರಸಿ. ಅದರ ಒಂದು ಮೂಲೆ ಸೀಳಿತ್ತು.

ಮಾವಶಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ವಕೀಲರ ಮನೆ ಮುಟ್ಟುತ್ತಿತ್ತು. "ಅವರ ಮುಂದ ಬಾಯಿ ಬಿಡಬ್ಯಾಡ" ಎಂದು ಅವ್ವ ಎಚ್ಚರಿಸುತ್ತಿದ್ದಳು. ನನಗೆ ಆ ಎಚ್ಚರಿಕೆ ಬೇಕಿರಲಿಲ್ಲ. ಚಿಕ್ಕಂದಿನಿಂದ ನಾನು ಮಾತು ಹೊರಗೆ ಬಿಡದ ಹುಡುಗಿ ಎಂದೇ ಹೆಸರಾಗಿದ್ದೆ. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಗಟಾರ ಮುಚ್ಚತೊಡಗಿದ್ದು ವಕೀಲರ ಮಗಳ ಮದುವೆಯಿಂದ. ಬೀಗರು ಬರುತ್ತಾರೆಂದು ಅವರು ಮನೆಯ ಮುಂದಿನ ಕಟ್ಟೆಯನ್ನು ಒಂದು ಮೊಳ ಎತ್ತರಿಸಿದರು. ಶಹಾಬಾದಿನಲ್ಲಿ ರೈಲು ಡಬ್ಬಿಗೆ ತುಂಬಿದ ಕಲ್ಲು ವಾಡಿ ಜಂಕ್ಷನ್ ಹಾದು ಸೇಡಂ ಸ್ಟೇಷನ್ನಿಗೆ ಬಂತು. ಕಟ್ಟೆ ಎತ್ತರವಾದ ಮೇಲೆ ಹತ್ತಲು ಪಾವಟಿಗೆ ಬೇಕಲ್ಲ. ಗೌಂಡಿ ಅದನ್ನು ಗಟಾರದ ಮೇಲೆಯೇ ಕೂಡಿಸಿದ. ಕೆಳಗೆ ನೀರು ಹೋಗಲು ಒಂದು ಕಂಡಿ ಬಿಟ್ಟಿದ್ದ. ಮೊದಲ ಮಳೆಗೆ ಕಂಡಿಯಲ್ಲಿ ಕಸ, ಮಣ್ಣು ಕಟ್ಟಿತು. ನೀರು ಓಣಿಯ ಮೇಲೆ ಹರಿದು ಎರಡನೆಯ ಮನೆ, ಕಾರಕೂನರ ಮನೆ, ಹೊಕ್ಕಿತು. ಅವರು ಮರುವರ್ಷ ಕಟ್ಟೆ ಎತ್ತರಿಸಿದರು, ಗಟಾರದ ಮೇಲೆ ತಾವೂ ಒಂದು ಪಾವಟಿಗೆ ಕೂಡಿಸಿದರು. ನೀರು ಮೂರನೆಯ ಮನೆಗೆ ಇಳಿಯಿತು.

ನಮ್ಮ ಸರದಿ ಬಂದಾಗ ನನಗೆ ಹದಿಮೂರು ವರ್ಷ. ಅಪ್ಪ ಶಾಲೆಯಲ್ಲಿ ಗಣಿತದ ಮಾಸ್ತರರು. ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಕಟ್ಟೆಯ ಮಟ್ಟ ನೋಡಿದರು. ಮೇಲಿನ ಮನೆಯವರಿಗಿಂತ ನಮ್ಮದು ಎರಡು ಬೆರಳು ಹೆಚ್ಚಿರಬೇಕೆಂದು ಹೇಳಿದವಳು ನಾನೇ. ಅಪ್ಪ ಗೌಂಡಿಯ ಮುಂದೆ ನನ್ನನ್ನು ಹೊಗಳಿದರು. ಅವ್ವ ಹೊಸ ಪಾವಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದಳು. ಆ ಎರಡು ಬೆರಳಿನ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಅದು ಆರನೆಯ ಮನೆಗೆ ಹೋಯಿತು. ಆ ಮನೆಯ ಆಚಾರ್ಯರೂ ಕಟ್ಟೆ ಎತ್ತರಿಸಿದರು. ಆಮೇಲೆ ಉಳಿದದ್ದು ಮಾವಶಿಯ ಮನೆ ಒಂದೇ. ನೀರು ಹೊತ್ತುತಂದ ಮಣ್ಣಿನಿಂದ ಓಣಿಯ ನೆಲವೇ ಎತ್ತರವಾಗಿ, ಅವರ ಹೊಸ್ತಿಲು ಓಣಿಗಿಂತ ನಾಲ್ಕು ಬೆರಳು ತಗ್ಗಿನಲ್ಲಿತ್ತು. ಆ ಮನೆಯ ಕಲ್ಲು ಮುಟ್ಟಬೇಕಾದರೆ ಭಾವನ ಒಪ್ಪಿಗೆ ಬೇಕು. ಅವನು ಕೊಡಲಿಲ್ಲ. ಅವನ ಮನೆಯಲ್ಲಿ ಹನ್ನೊಂದು ಮಂದಿ; ಮಡಿಯಲ್ಲಿ ಅಡಿಗೆ ಮಾಡುವವರು ಬೇಕಾಗಿತ್ತು. ಮೊದಲ ಸಲ ನೀರು ಮಾವಶಿಯ ಪಡಸಾಲೆಗೆ ಬಂದ ವರ್ಷ, ದಸರೆಗೆ ಬಂದವನು ಒದ್ದೆ ಗೋಡೆ ಮುಟ್ಟಿ ನೋಡಿ ಹೇಳಿದ: "ಇನ್ನೊಮ್ಮೆ ನೀರು ಒಳಗ ಬಂತಂದ್ರ ನಾ ಕೇಳೂದಿಲ್ಲ. ಗಾಡಿ ತಂದು ಕರಕೊಂಡು ಹೋಗ್ತೀನಿ." ಕೆಟ್ಟ ಮನುಷ್ಯನಲ್ಲ. ಓಣಿಯವರಿಗೂ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ.

"ಚಿಂಚೋಳಿಗೆ ಹೋದ್ರ ನಾ ಒಲಿ ಮುಂದ ಕುಂತಾಕಿ ಏಳೂದಿಲ್ಲ" ಎಂದು ಮಾವಶಿ ಅವ್ವನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೆ. ನಗುತ್ತಲೇ ಹೇಳಿದ್ದರು.

ಆಗ ನಾನು ಹೈದರಾಬಾದಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಎರಡನೆಯ ಮಹಾಯುದ್ಧದ ವರ್ಷಗಳು. ಬೇಸಿಗೆ ರಜೆಗೆ ಬಂದಾಗ ಅಪ್ಪ ಮಾವಶಿಯ ಸಲುವಾಗಿ ವಕೀಲರ ಕಟ್ಟೆಯ ಮೇಲೆ ಓಣಿಯವರನ್ನು ಕೂಡಿಸಿದರು. ನಾವು ಹೆಂಗಸರು ಒಳಬಾಗಿಲಲ್ಲಿ ನಿಂತಿದ್ದೆವು.

"ಆರೂ ಮನಿಯವರು ಗಟಾರದ ಮ್ಯಾಲಿನ ಪಾವಟಿಗಿ ಒಂದ ದಿನ ತಗದ್ರ ಮುಗೀತು. ಕಟ್ಟಿ ಹಂಗ ಇರಲಿ. ಪಾವಟಿಗಿ ಕಟ್ಟಿ ಒಳಗ ಕೊರದು ಕೂಡಸೋಣು" ಎಂದರು ಅಪ್ಪ.

"ಮಾಸ್ತರ, ಲೆಕ್ಕ ನೀವು ಭಾಳ ಛಲೋ ಮಾಡ್ತೀರಿ" ಎಂದರು ವಕೀಲರು. "ಆದರ ಪೂಜಾ ಮಾಡಿ ಕೂಡಿಸಿದ ಕಲ್ಲು ಅವು. ಕೀಳೂದಂದ್ರ ಹುಡುಗಾಟೇನು? ಮೊದಲ ಕಿತ್ತವರ ಮನಿಗೆ ಏನರೆ ಆದ್ರ ಯಾರು ಜವಾಬ್ದಾರಿ?"

"ಮಾಸ್ತರೇ ಮೊದಲ ಕೀಳ್ತಾರ ತಗೋರಿ. ಲೆಕ್ಕ ಬರೋರಿಗೆ ಏನೂ ಆಗೂದಿಲ್ಲ" ಎಂದರು ಕಾರಕೂನರು.

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಆಚಾರ್ಯರು ಹೆಗಲ ಮೇಲಿನ ಉಪರಣಿ ಸರಿಪಡಿಸಿಕೊಂಡು ಸುಮ್ಮನೆ ಕುಳಿತಿದ್ದರು. ಪೂಜೆಯ ಮಾತು ಬಂದಾಗ ಅವರು ಸುಮ್ಮನಿದ್ದರೆ ಅದೇ ಒಪ್ಪಿಗೆ. ಕಲ್ಲಿನ ಮಾತು ಅಲ್ಲಿಗೇ ನಿಂತಿತು, ಚಹಾ ಬಂತು. ಏಳುವ ಮುಂದೆ ಅಪ್ಪ, ಕಡೆಗೆ ಗಟಾರದ ಇಳಿಜಾರನ್ನಾದರೂ ಅಳೆದಿಡೋಣ, ಮಗಳು ಸೂಟಿಯಲ್ಲಿದ್ದಾಳೆ ಎಂದರು. ಅಳೆಯುವುದಕ್ಕೆ ಯಾರದೂ ಅಡ್ಡಿಯಿರಲಿಲ್ಲ.

ಹೀಗೆ ನಾನು ನಾಲ್ಕು ದಿನ ದಾರ ಮತ್ತು ನೀರು ತುಂಬಿದ ತಾಟು ಹಿಡಿದುಕೊಂಡು ಮನೆಯಿಂದ ಮನೆಗೆ ಹೋದೆ. ತಾಟಿನ ನೀರು ಅಲುಗದೆ ನಿಂತರೆ ಮಟ್ಟ ಗೊತ್ತಾಗುತ್ತದೆ. ನೀರು ನಿಲ್ಲುವವರೆಗೆ ಕಾಯುತ್ತ ಕೂರಬೇಕು. ಆ ಹೊತ್ತಿನಲ್ಲಿ ಜನ ನನ್ನೊಂದಿಗೆ ಮಾತನಾಡಿದರು.

ಮೊದಲು ವಕೀಲರು. ಹೊರಗೆ ಬಂದು, ಅತ್ತ ಇತ್ತ ನೋಡಿ, ನನ್ನ ಹತ್ತಿರವೇ ಕುಳಿತರು. "ಮೊದಲ ಕೂಡಿಸಿದಾಂವ ನಾನು. ನನಗ ಗೊತ್ತಿಲ್ಲೇನು ಮಗಳ? ಉಳದವರು ಹೂಂ ಅಂದ್ರ ನಾಳೇನ ಕೀಳಸ್ತೀನಿ. ಆದರ ನಾ ಅಂದೆ ಅಂತ ಎಲ್ಲೂ ಅನಬ್ಯಾಡ. ಮೊದಲ ಬಾಯಿ ಬಿಟ್ರ ತಪ್ಪು ಒಪ್ಪಿಕೊಂಡಂಗ ಆಗ್ತದ."

ಕಾರಕೂನರ ಹೆಂಡತಿ ನನಗೆ ಮಜ್ಜಿಗೆ ಕೊಟ್ಟು ತಮ್ಮ ಮೊಣಕಾಲು ತೋರಿಸಿದರು. "ಈ ಪಾವಟಿಗಿ ಹತ್ತಿ ಇಳದು ನನ್ನ ಕಾಲು ಹೋಗ್ಯಾವ. ಆದರ ನಾವೊಬ್ಬರೇ ತಗದ್ರ ಏನಾಗ್ತದ ನೋಡು. ಮ್ಯಾಲಿನ ಬಚ್ಚಲ ನೀರು ನಮ್ಮ ಬಾಗಲದಾಗ ಬಂದು ನಿಂದರ್ತದ, ಮುಂದ ದಾರಿ ಇಲ್ಲ. ಎಲ್ಲಾರೂ ತಗದ್ರ ನಮ್ಮವರೂ ತಗೀತಾರ, ನನ್ನ ಮುಂದ ಅಂದಾರ. ಅವರ ಹೆಸರು ಹೇಳಬ್ಯಾಡವಾ."

ಮೂರನೆಯ, ನಾಲ್ಕನೆಯ ಮನೆಯವರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಆಚಾರ್ಯರು ನನ್ನನ್ನು ತುಳಸಿಕಟ್ಟೆಯ ಹತ್ತಿರ ಕರೆದರು. "ಪೂಜಾ ಮಾಡಿದ ಪಾವಟಿಗಿ ಕೀಳಬಾರದು ಅಂತ ಶಾಸ್ತ್ರದಾಗ ಎಲ್ಲೂ ಇಲ್ಲ ತಂಗಿ. ಅಂದು ಕಟ್ಟಿ ಮ್ಯಾಲೆ ಹೇಳಬೇಕಂದೆ. ಎಲ್ಲಾರೂ ಹಂಗ ನಂಬ್ಯಾರ, ನಾ ಒಬ್ಬಾಂವ ಹೆಂಗ ಇಲ್ಲ ಅನ್ಲಿ ಅನಸ್ತು. ಉಳದವರು ತಯಾರಾದ್ರ ನಾ ಬಂದು ಎರಡು ಮಂತ್ರ ಹೇಳಿ ಕೊಡ್ತೀನಿ. ಈ ಮಾತು ನಿನ್ನಲ್ಲೇ ಇರಲಿ."

ಕೊನೆಗೆ ನಮ್ಮ ಮನೆಯ ಮುಂದೆ ತಾಟು ಇಟ್ಟುಕೊಂಡು ಕುಳಿತಾಗ ಅಪ್ಪ ಹೊರಗೆ ಬಂದರು. "ಅವತ್ತು ಕಾರಕೂನ ಅಂದಾಗ ನಾನೇ ಮೊದಲ ಕೀಳ್ತೀನಿ ಅನ್ನಬೇಕಾಗಿತ್ತು" ಎಂದರು. "ಆದರ ಕಿತ್ತಮ್ಯಾಲೆ ಯಾರೂ ಕೀಳಲಿಲ್ಲಂದ್ರ? ನಿಮ್ಮವ್ವ ಏನಂತಾಳ? ನಾ ಹಿಂಗ ಅಂದೆ ಅಂತ ಆಕಿ ಮುಂದ ಹೇಳಬ್ಯಾಡ."

ನಾನು ಒಂದು ಕಾಗದದ ಮೇಲೆ ಏಳು ಚೌಕ ಬರೆದು, ಆರಕ್ಕೆ ಒಂದೊಂದು ಚುಕ್ಕೆ ಇಟ್ಟೆ. ಹೆಸರು ಬರೆಯಲಿಲ್ಲ. ಆರಕ್ಕೆ ಆರೂ ಮನೆ ತಯಾರಿದ್ದವು. ಅದು ಗೊತ್ತಿದ್ದವಳು ಸೇಡಂನಲ್ಲಿ ನಾನೊಬ್ಬಳೇ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗಿಟ್ಟೆ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಆಗ ನನಗೆ ಅದೊಂದು ಪ್ರಶ್ನೆಯಾಗಿಯೇ ಕಂಡಿರಲಿಲ್ಲ. ಹಿರಿಯರು ಆರು ಮಂದಿ ನನ್ನನ್ನು ನಂಬಿ ಹೇಳಿದ್ದರು. ಒಬ್ಬೊಬ್ಬರ ಮಾತನ್ನು ಕಾಯುವುದು ನನ್ನ ಮರ್ಯಾದೆ. ಹೆಸರಿಲ್ಲದೆಯೂ ಹೇಳಬಹುದಾಗಿತ್ತು, "ಆರೂ ಮಂದಿ ಹೂಂ ಅಂದಾರ" ಎಂಬ ನಾಲ್ಕೇ ಮಾತಿನಲ್ಲಿ. ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ವಕೀಲರ ಕಟ್ಟೆಯ ಮುಂದೆ ನಿಂತು ಅಷ್ಟು ಜನರೆದುರು ಬಾಯಿ ತೆರೆಯುವ ಹುಡುಗಿ ನಾನಾಗಿರಲಿಲ್ಲ.

ಮಾವಶಿ ಕೇಳಿದರು. ಅವರ ಹೊಸ್ತಿಲಿನ ಅಳತೆ ತೆಗೆಯುವಾಗ ಬಾಗಿಲಲ್ಲೇ ಕುಳಿತು, "ಏನಂದ್ರು ಎಲ್ಲಾರೂ?" ಎಂದರು.

"ಅಳತಿ ತಗೊಂಡೆ ಮಾವಶಿ, ಅಷ್ಟ."

"ನಾಕು ದಿನ ಅಳದೀ, ಒಬ್ಬರೂ ಏನೂ ಅನಲಿಲ್ಲೇನು?"

ನಾನು ತಾಟಿನ ನೀರು ನೋಡಿದೆ.

"ನಿನ್ನ ಬಾಯಾಗಿಂದ ಒಂದು ಮಾತು ಹೊರಡಸಬೇಕಂದ್ರ ಹಾರಿ ಹಾಕಿ ಎತ್ತಬೇಕು ನೋಡು" ಎಂದು ನಕ್ಕರು.

ಆ ವರ್ಷ ಮುಂಗಾರಿನ ಮಿರಗದ ಮಳೆ ಜೋರಾಗಿ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಓಣಿಯ ನೀರು ಮಾವಶಿಯ ಹೊಸ್ತಿಲು ದಾಟಿತು. ನಾನು, ಅವ್ವ ಓಡಿದೆವು. ನೀರಿನೊಂದಿಗೆ ಮೇಲಿನ ಮನೆಗಳ ಬಚ್ಚಲ ನೊರೆಯೂ ಬಂದಿತ್ತು. ಮಾವಶಿ ಮೊದಲು ದೇವರ ಪೆಟ್ಟಿಗೆ ಎತ್ತಿ ಅಟ್ಟದ ಮೇಲಿಟ್ಟರು, ಆಮೇಲೆ ಜೋಳದ ಗಡಿಗೆ. ಆ ದಿನ ಮುಂಜಾನೆ ಹುಡುಗಿಯರು ಬರೆದ ಅಕ್ಷರ ನೆಲದ ಮೇಲೆ ಹಾಗೇ ಇದ್ದವು. ನನ್ನ ಹಳೆಯ ಫರಸಿಯ ಸೀಳಿದ ಮೂಲೆಯಲ್ಲಿ ನೀರು ಮೊದಲು ತುಂಬಿತು. ಸಂಜೆಯ ಹೊತ್ತಿಗೆ ಪಡಸಾಲೆಯಲ್ಲಿ ಒಂದು ಗೇಣು ನೀರಿತ್ತು.

ಆರನೆಯ ದಿನ ಭಾವನ ಗಾಡಿ ಬಂತು. ಮಾವಶಿಯ ಸಾಮಾನು ಎರಡು ಪೆಟ್ಟಿಗೆ, ಒಂದು ಗಂಟು. ಓಣಿಯವರೆಲ್ಲ ಹೊರಗೆ ಬಂದರು. ಕೆಳಗೆ ಇನ್ನೂ ಕೆಸರು. ಹಾಗಾಗಿ ಎಲ್ಲರೂ ತಮ್ಮ ತಮ್ಮ ಕಟ್ಟೆಯ ಮೇಲೆಯೇ ನಿಂತರು. ಗಾಡಿ ಓಣಿಯ ಮೇಲಿನ ತುದಿಗೆ ಹತ್ತಿ ಹೋಗಬೇಕು. ಮಾವಶಿ ಗಾಡಿಯೊಳಗಿಂದ ಒಂದೊಂದು ಮನೆಯನ್ನೂ ತಲೆಯೆತ್ತಿ ನೋಡಿದರು.

"ಎಲ್ಲಾರೂ ಎಷ್ಟ ಎತ್ತರ ಆಗೀರಲ್ಲ! ನಿಮ್ಮ ಮಾರಿ ನೋಡಬೇಕಂದ್ರ ಕುತ್ತಿಗಿ ನೋಯ್ತದ."

ಯಾರೂ ನಗಲಿಲ್ಲ. ಆರು ಕಟ್ಟೆಗಳ ಮೇಲೆ ನಿಂತ ಒಬ್ಬೊಬ್ಬರನ್ನೂ ನಾನು ನೋಡಿದೆ. ನಾನೊಬ್ಬನೇ ಪಾವಟಿಗೆ ಕೀಳಲು ತಯಾರಿದ್ದೆ, ಉಳಿದವರು ಕಲ್ಲುಮನಸ್ಸಿನವರು ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಿದ್ದಿರಬೇಕು. ಅಪ್ಪ ನನ್ನ ಪಕ್ಕದಲ್ಲೇ ಇದ್ದರು.

ಮಾವಶಿ ಹೋದರೂ ನೀರು ನಿಲ್ಲಲಿಲ್ಲ. ಮುಚ್ಚಿದ ಮನೆಯಲ್ಲಿ ನಿಂತ ನೀರು ಆಚಾರ್ಯರ ಗೋಡೆಗೆ ಏರಿತು. ಅವರು ಮತ್ತೆ ಎರಡು ಕಲ್ಲು ಎತ್ತರಿಸಿದರು. ಆಮೇಲೆ ನಾವು. ಕಟ್ಟೆಯ ಜೊತೆಗೆ ಹೊಸ್ತಿಲೂ ಏರಿ ಬಾಗಿಲು ಗಿಡ್ಡಾಯಿತು, ಅವ್ವ ತಲೆ ಬಗ್ಗಿಸಿ ಹಾಯತೊಡಗಿದಳು. ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಮನೆಯಿಂದ ಮನೆಗೆ ಹೋಗುವುದು ನಿಂತಿತು. ಯಾರದೂ ಜಗಳವಲ್ಲ, ಐದು ಕಡೆ ಹತ್ತಿ ಇಳಿಯಲು ವಯಸ್ಸಾದವರಿಗೆ ಆಗುತ್ತಿರಲಿಲ್ಲ. ಕಾರಕೂನರ ಹೆಂಡತಿಯಂತೂ ಒಳಗೇ ಉಳಿದರು. ಹುಡುಗಿಯರು ಕನ್ನಡ ಬಿಟ್ಟರು. ಪ್ರತಿ ರಜೆಗೆ ನಾನು ಬಂದಾಗ ಓಣಿ ಮೊದಲಿಗಿಂತ ಎತ್ತರವಾಗಿರುತ್ತಿತ್ತು, ಮೊದಲಿಗಿಂತ ಮೌನವಾಗಿರುತ್ತಿತ್ತು. ಒಂದೊಂದು ಮನೆಯೂ ತನ್ನ ಮಟ್ಟಿಗೆ ಮಾಡಬೇಕಾದದ್ದನ್ನೇ ಮಾಡಿತ್ತು. ಅದರಲ್ಲಿ ಯಾವುದನ್ನೂ ನಾನು ಇಂದಿಗೂ ತಪ್ಪೆನ್ನಲಾರೆ. ಏಳನ್ನೂ ಕೂಡಿಸಿ ನೋಡಿದರೆ ಮಾತ್ರ ಯಾರಿಗೂ ಬೇಡವಾದದ್ದು ಆಗಿತ್ತು.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪನ ಜೊತೆ ಗಾಡಿಯಲ್ಲಿ ಚಿಂಚೋಳಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಭಾವನ ಹತ್ತಿರ ಕುಳಿತರು, ನಾನು ಒಳಗೆ ಹೋದೆ. ಮಾವಶಿ ಒಲೆಯ ಮುಂದಿದ್ದರು. ಮಡಿಯಲ್ಲಿದ್ದುದರಿಂದ ನಾನು ಬಾಗಿಲ ಹೊರಗೇ ಕುಳಿತೆ.

"ಇಲ್ಲಿ ಹುಡುಗಿಯರಿಗೆ ಕಲಸ್ತೀರೇನು ಮಾವಶಿ?"

"ಎಲ್ಲಿ ಕಲಸಲಿ? ಇಲ್ಲಿ ನೆಲ ಮಣ್ಣಿಂದು, ಸಗಣಿ ಸಾರಸ್ತೀವಿ. ಬಳಪ ಮೂಡೂದಿಲ್ಲ."

ಆಗ ನಾನು ಹೇಳಿದೆ. ತಾಟು, ಚೌಕ, ಚುಕ್ಕೆ, ಎಲ್ಲವನ್ನೂ. ಮೊದಲ ಬಾರಿ ಹೇಳುತ್ತಿದ್ದೆನಾದ್ದರಿಂದ ಮಾತು ತಡವರಿಸುತ್ತಿತ್ತು.

ಮಾವಶಿ ಸೌಟು ಹಿಡಿದವರು ಹಾಗೇ ನಿಂತರು. "ವಕೀಲನೂ ಹೂಂ ಅಂದಿದ್ನೇನು?"

"ಹೂಂ."

"ಆಚಾರ್ಯರು?"

"ಅವರೂ."

"ಆರೂ ಮಂದಿ?"

"ಆರೂ ಮಂದಿ. ಯಾರಿಗೂ ಹೇಳಬ್ಯಾಡ ಅಂದಿದ್ರು."

ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಏ ಹುಚ್ಚಿ, ನನಗ ಹೇಳಬಾರದಿತ್ತೇನು? ನನಗ ಹೇಳಿ, ಯಾರಿಗೂ ಹೇಳಬ್ಯಾಡ್ರಿ ಅಂದಿದ್ದರ ಸಾಕಿತ್ತು! ಮಧ್ಯಾಹ್ನದ ಊಟದ ಒಳಗ ಆರೂ ಮನಿಗೆ ಮುಟ್ಟಸ್ತಿದ್ದೆ."

ಆಮೇಲೆ ನಗು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದರು. ಬೇಳೆ ಉಕ್ಕುತ್ತಿತ್ತು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಬಹಳ ಹೊತ್ತು ಕುಳಿತಿದ್ದೆ, ಅವರು ತಿರುಗಲಿಲ್ಲ.

ಸೇಡಂಗೆ ಬಂದ ಮರುದಿನ ಮುಂಜಾನೆ ಅವ್ವನಿಗೆ ಹೇಳಿದೆ, ಅಪ್ಪನ ಮಾತನ್ನೂ ಸೇರಿಸಿ. ಅವ್ವ ಸೆರಗು ಸರಿಮಾಡಿಕೊಂಡು, ನಮ್ಮ ಎತ್ತರದ ಪಾವಟಿಗೆ ಇಳಿದು ಕಾರಕೂನರ ಮನೆಗೆ ಹೋದಳು. ಸಂಜೆಗೆ ವಕೀಲರೇ ನಮ್ಮ ಬಾಗಿಲಿಗೆ ಬಂದು, "ಮಾಸ್ತರ, ನಿಮ್ಮ ಮಗಳು ನನ್ನ ಮಾನ ಕಳದ್ಲು. ಯಾವತ್ತು ಕೀಳೋದು?" ಎಂದರು. ಐದನೆಯ ದಿನ ಹಾರೆ ಬಂದವು. ಆಚಾರ್ಯರು ಎರಡು ಮಂತ್ರ ಹೇಳಿದರು. ಸೂರ್ಯ ನೆತ್ತಿಗೆ ಬರುವ ಮೊದಲೇ ಆರೂ ಪಾವಟಿಗೆ ಎದ್ದಿದ್ದವು. ಕೆಳಗೆ ಗಟಾರದ ಫರಸಿ ಒಂದೂ ಮುರಿದಿರಲಿಲ್ಲ, ಮಣ್ಣು ತುಂಬಿತ್ತಷ್ಟೆ. ಒಂದು ಮುಂಜಾನೆಯ ಕೆಲಸ.

ಮಾವಶಿಯನ್ನು ಕಳಿಸಿಕೊಡಿರೆಂದು ಅಪ್ಪ ಚಿಂಚೋಳಿಗೆ ಕಾಗದ ಬರೆದರು. ಭಾವ ಮರ್ಯಾದೆಯಿಂದಲೇ ಉತ್ತರ ಕೊಟ್ಟ: ಈಗ ಮನೆಯೆಲ್ಲ ಅವರ ಮೇಲೆಯೇ ನಡೆದಿದೆ, ಬಿಟ್ಟುಕೊಡಲಾಗುವುದಿಲ್ಲ. ಅಪ್ಪ ಎರಡನೆಯ ಸಲವೂ ಬರೆದರು. ಅದಕ್ಕೂ ಅದೇ ಉತ್ತರ. ಆ ವರ್ಷದ ಮಳೆಯ ನೀರು ಮಾವಶಿಯ ಮನೆಯ ಮುಂದೆ ಹಾದು ಸದ್ದು ಮಾಡುತ್ತ ಹಳ್ಳಕ್ಕೆ ಬಿತ್ತು. ಹೊಸ್ತಿಲು ಒಣಗಿಯೇ ಇತ್ತು, ಬಾಗಿಲಿಗೆ ಕೀಲಿ.

ನಮ್ಮ ಮನೆಯ ಮುಂದಿನಿಂದ ಎದ್ದ ಪಾವಟಿಗೆಯ ಫರಸಿಯನ್ನು ನಾನು ಮೂರು ದಿನ ನೀರು ಹಾಕಿ ಉಜ್ಜಿದೆ. ಚಿಂಚೋಳಿಗೆ ಹೋಗುವ ಗಾಡಿಯೊಂದರಲ್ಲಿ ಹುಲ್ಲು ಹಾಸಿ ಅದನ್ನು ಇಡಿಸಿದೆವು, ಜೊತೆಗೆ ಒಂದು ಡಬ್ಬಿ ಬಳಪ. ಹದಿನೈದು ದಿನಕ್ಕೆ ಗಾಡಿಯವನು ಮರಳಿ ಬಂದು ಮಾವಶಿಯ ಮಾತು ಮುಟ್ಟಿಸಿದ: "ಕಲ್ಲು ಬಂತು. ಅಡಿಗಿ ಮನಿ ಹೊರಗ ಹಾಕಸೀನಿ. ಭಾವನ ಮೊಮ್ಮಗಳು ಅದರ ಮ್ಯಾಲೆ ಬರೀಲಿಕತ್ಯಾಳ. ಬಾಜೂ ಮನಿ ಹುಡುಗಿ ಬಂದು ನಿಂತು ನೋಡ್ತಾಳ, ಆಕಿಗೆ ಜಾಗ ಇಲ್ಲ. ಇನ್ನೂ ಐದು ಕಲ್ಲು ಅಲ್ಲೇ ಬಿದ್ದಾವಂತಲ್ಲ?"

ಆ ಸಂಜೆ ವಕೀಲರ ಕಟ್ಟೆಯ ಮೇಲೆ ಜನ ಕುಳಿತಿದ್ದರು. ಕಟ್ಟೆಯನ್ನೇ ಕೊರೆದು ಒಳಗೆ ಪಾವಟಿಗೆ ಮಾಡಿದ ಮೇಲೆ ಮತ್ತೆ ಕೂಡತೊಡಗಿದ್ದರು. ನಾನು ಹೋಗಿ ಅವರ ಮುಂದೆ ನಿಂತೆ. ಮಾವಶಿಗೆ ಕಲ್ಲು ಬೇಕಾಗಿವೆ, ಯಾರು ಯಾರು ಕೊಡುತ್ತೀರಿ ಎಂದು ಎಲ್ಲರಿಗೂ ಒಟ್ಟಿಗೆ ಕೇಳಿಸುವ ಹಾಗೆ ಕೇಳಿದೆ.